ಗೇರುಹಣ್ಣು ಘಟ್ಟ ಹತ್ತುವುದಿಲ್ಲ ಮಾರಾಯ

“ಉತ್ತರ ಕನ್ನಡ ಅಷ್ಟು ಮಳೆ ಬೀಳುವ ಜಿಲ್ಲೆ, ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಬೆಳೆ ಹಾಕೋದು ಬಿಟ್ಟು ಇನ್ನೂ ಅಡಿಕೆ, ಗೇರು ಅಂತ ಕೂತಿದ್ದೀರಲ್ಲ” ಎಂದು ಕೇಳಿದ್ದೀಯ. “ಹೇಗೂ ಕಾರವಾರದವರು ಅರ್ಧ ಗೋವಾದವರು, ಸಾರಾಯಿ ಕಾಯಿಸೋದು ಗೊತ್ತೇ ಇರುತ್ತೆ” ಎಂಬ ಬಾಲ ಬೇರೆ. ಬಾಲಕ್ಕೆ ಆಮೇಲೆ ಬರುತ್ತೇನೆ.

ಮೊದಲು ಜಾಗದ ಮಾತು. ಜಿಲ್ಲೆಯ ಮುಕ್ಕಾಲು ಪಾಲು ಕಾಡು. ಕುಮಟಾ ಕಡೆ ಹೊಳೆಯಂಚಿಗೆ ನಿನಗೆ ಖಾಲಿ ಕಂಡದ್ದು ಗಜನಿ; ಉಪ್ಪುನೀರು ಹತ್ತುವ ಆ ಗದ್ದೆಯಲ್ಲಿ ಕಗ್ಗ ಭತ್ತ ತಾಳೀತು, ಗೋವಿನಜೋಳ ತಾಳದು. ಶಿರಸಿ ಕಡೆ ಪಾಳುಬಿದ್ದಂತೆ ಕಂಡದ್ದು ಸೊಪ್ಪಿನ ಬೆಟ್ಟ. ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರಲಿಕ್ಕೆ ಇರುವುದು, ಉಳಲಿಕ್ಕಲ್ಲ. ಮರಗೆಣಸು ನೆಟ್ಟರೆ ಕಾಡುಹಂದಿಯೇ ಮೊದಲ ಗಿರಾಕಿ. ಕಬ್ಬು, ಗೋವಿನಜೋಳ ಒಗ್ಗುವುದು ಹಳಿಯಾಳ, ಮುಂಡಗೋಡದ ಬಯಲಿಗೆ. ಅಲ್ಲಿ ಬೆಳೆಯುತ್ತಲೇ ಇದ್ದಾರೆ, ಹಳಿಯಾಳದಲ್ಲಿ ಸಕ್ಕರೆ ಕಾರ್ಖಾನೆಯೂ ಇದೆ.

ಟನ್ನಿಗೆ ಎಷ್ಟು ಲೀಟರ್ ಎಥೆನಾಲ್ ಎಂದು ನೋಡಿ ಬೆಳೆ ಆರಿಸುವುದು ಪೇಟೆಯವರ ಲೆಕ್ಕ. ಗೋವಿನಜೋಳಕ್ಕೆ ಸುಮಾರು 380, ನುಚ್ಚಕ್ಕಿಗೆ 430ರ ಮೇಲೆ, ಕಬ್ಬಿನ ರಸವನ್ನು ನೇರ ಹುದುಗಿಸಿದರೆ 70. ಆದರೆ ಎಕರೆಗೆ 40 ಟನ್ ಕಬ್ಬು ಬಂದರೆ 2,800 ಲೀಟರ್ ಆಯಿತು, ಎರಡೂವರೆ ಟನ್ ಗೋವಿನಜೋಳಕ್ಕೆ ಸಾವಿರವೂ ದಾಟದು. ಕಬ್ಬಿಗೆ ವರ್ಷವಿಡೀ ನೀರು ಬೇಕು, ಕಡಿದ ಮೇಲೆ ಒಂದು ದಿನದೊಳಗೆ ಅರೆಯಬೇಕು. ತಡವಾದಷ್ಟೂ ಸಕ್ಕರೆ ಇಳಿಯುತ್ತದೆ. ಗೋವಿನಜೋಳಕ್ಕೆ ನಾಲ್ಕು ತಿಂಗಳು ಸಾಕು. ಆದರೆ ತೆನೆ ಮುರಿಯುವಾಗ ಮಳೆ ಹಿಡಿದರೆ 25% ತೇವವನ್ನು 14ಕ್ಕೆ ಇಳಿಸಲು ಬಿಸಿಲು ಸಿಗದೆ ಬೂಷ್ಟು ಕಟ್ಟುತ್ತದೆ. ಬೂಷ್ಟಿನ ವಿಷ ಎಥೆನಾಲ್‌ಗೆ ಹೋಗುವುದಿಲ್ಲ, ಪಿಷ್ಟ ಹೋಗಿ ಉಳಿದ ಹಿಂಡಿಯಲ್ಲಿ ಸುಮಾರು ಮೂರು ಪಟ್ಟು ಗಟ್ಟಿಯಾಗಿ ಕೂರುತ್ತದೆ. ಅದನ್ನು ದನಕ್ಕೆ ಯಾರು ಹಾಕುತ್ತಾರೆ?

ಇನ್ನು ನಮ್ಮ ತಲೆನೋವು, ಗೇರು. ಮಾರ್ಚ್‌ನಿಂದ ಮೇವರೆಗೆ ಕಾರವಾರ, ಅಂಕೋಲಾದ ಗುಡ್ಡಗಳಲ್ಲಿ ಬೀಜ ತಿರುಪಿಕೊಂಡು ಹಣ್ಣು ಅಲ್ಲೇ ಬಿಡುತ್ತಾರೆ. ಒಂದು ಟನ್ ಬೀಜಕ್ಕೆ ಏಳೆಂಟು ಟನ್ ಹಣ್ಣು. ಹೊಸ ಜಮೀನು ಬೇಡ, ಗೊಬ್ಬರ ಬೇಡ. ಟನ್ ಹಣ್ಣು ಹಿಂಡಿದರೆ 600 ಲೀಟರ್ ರಸ, ಅದರಲ್ಲಿ ಶೇ 10ರ ಆಸುಪಾಸು ಸಕ್ಕರೆ, ಕೊನೆಗೆ ಕೈಗೆ ಬರುವುದು 35 ಲೀಟರ್ ಎಥೆನಾಲ್. 20,000 ಲೀಟರಿನ ಒಂದು ಟ್ಯಾಂಕರ್‌ಗೆ 550 ಟನ್ ಮೇಲೆ ಹಣ್ಣು ಹೆಕ್ಕಬೇಕು.

ಹೆಕ್ಕೋಣ. ಬಿದ್ದು ಜಜ್ಜಿದ ಹಣ್ಣು ಒಂದು ದಿನಕ್ಕೇ ಹುಳಿ ಹಿಡಿದು ವಿನೆಗರ್ ದಾರಿ ಹಿಡಿಯುತ್ತದೆ, ಆದ್ದರಿಂದ ಬೆಳಿಗ್ಗೆ ಬಿದ್ದದ್ದನ್ನು ಸಂಜೆಯೊಳಗೆ ಹಿಂಡಬೇಕು. ಒಗರು ಇಳಿಸಲು ಲೀಟರಿಗೆ 5 ಗ್ರಾಂ ಸಬ್ಬಕ್ಕಿ ಗಂಜಿ ಬೆರೆಸಿ, ತಳ ಕಟ್ಟಿದ ಮೇಲೆ ತಿಳಿ ಬಸಿಯುವುದು. ಯೀಸ್ಟ್‌ಗೆ ಸಾರಜನಕ ಸಾಲದು, ಚೂರು ಯೂರಿಯಾ ಬೇಕು. ಹುದುಗು 30–32 ಡಿಗ್ರಿಯಲ್ಲಿ ಚೆನ್ನ. ಮೇ ಸೆಕೆಯಲ್ಲಿ ತೊಟ್ಟಿ ತಾನೇ ಬಿಸಿಯೇರಿ 36 ದಾಟಿತೆಂದರೆ ಅರ್ಧಕ್ಕೇ ನಿಲ್ಲುತ್ತದೆ. ಹೊರಗಿನಿಂದ ನೀರು ಸುರಿಯುತ್ತಿರಬೇಕು.

ಇಷ್ಟೆಲ್ಲ ಕಲಿಯಬಹುದು. ಆದರೆ ಇಂಧನಕ್ಕೆ ಬೇಕಾದ್ದು 99.5% ಶುದ್ಧ ಎಥೆನಾಲ್. ಹಂಡೆ ಭಟ್ಟಿಯಲ್ಲಿ ಎರಡು ಸಲ ಇಳಿಸಿದರೂ 45–50ರ ಹತ್ತಿರವೇ. ಕಾರ್ಖಾನೆಯ ದೊಡ್ಡ ಭಟ್ಟಿ ಕಾಲಮ್ಮೂ 95ರ ಆಚೆಗೆ ಹೋಗದು, ಉಳಿದ ನೀರು ತೆಗೆಯಲು ಮಾಲಿಕ್ಯುಲರ್ ಸೀವ್ ಎಂಬ, ನೀರನ್ನಷ್ಟೇ ಹಿಡಿದಿಟ್ಟುಕೊಳ್ಳುವ ವ್ಯವಸ್ಥೆ ಬೇಕು. ಅದಿರುವುದು ಘಟ್ಟದ ಮೇಲಿನ ಕಾರ್ಖಾನೆಗಳಲ್ಲಿ. ರಸವನ್ನೇ ಟ್ಯಾಂಕರ್‌ನಲ್ಲಿ ಅಣಶಿ ಘಟ್ಟ ಹತ್ತಿಸಿದರೆ ದಾರಿಯಲ್ಲೇ ಹುದುಗಿ ಮುಚ್ಚಳ ಹಾರುತ್ತದೆ. ತಡೆಯಲು ಲೀಟರಿಗೆ ಅರ್ಧ ಗ್ರಾಂ ಮೆಟಾಬೈಸಲ್ಫೈಟ್ ಎಂಬ ಗಂಧಕದ ಪುಡಿ ಹಾಕಿದರೆ ಅಲ್ಲಿ ಹಾಕುವ ಯೀಸ್ಟೂ ಏಳುವುದಿಲ್ಲ, ಮೊದಲು ಗಂಧಕ ಹೋಗುವಂತೆ ಕಾಯಿಸಬೇಕು. ಹಾಕದಿದ್ದರೆ, ಹೊರಟಾಗ ಹಣ್ಣಿನ ರಸವಾಗಿದ್ದದ್ದು ಜೋಯಿಡಾ ದಾಟುವಷ್ಟರಲ್ಲಿ ‘ಕೊಳೆ’, ಅಂದರೆ ಸಾರಾಯಿ ಇಳಿಸಲು ಹುದುಗಿಸಿದ ರಸ. ನಮ್ಮ 1965ರ ಅಬಕಾರಿ ಕಾಯ್ದೆಯ ಮುಂದೆ ಪರವಾನಗಿ ಇಲ್ಲದ ಕೊಳೆಗೆ ಕೇಸೇ ಗತಿ, ಕಾರು ಓಡಿಸಲಿಕ್ಕೆ ಒಯ್ಯುತ್ತಿದ್ದೆ ಎಂದರೂ ಅಷ್ಟೇ.

ಈಗ ನಿನ್ನ ಬಾಲ. ಗೋವಾ ಗಡಿಯ ಮಾಜಾಳಿ ಗೇಟಿನ ಆಚೆ ಇದೇ ಹಣ್ಣು ಪರವಾನಗಿ ಭಟ್ಟಿಗೆ ಹೋಗಿ 2009ರಿಂದ ಭೌಗೋಳಿಕ ಗುರುತು (ಜಿಐ) ಹೊತ್ತ ಫೆನಿ ಮದ್ಯ ಆಗುತ್ತದೆ, ಈಚೆ ಕೊಳೆತು ಮಣ್ಣಾಗುತ್ತದೆ. ಕಾರವಾರದವರಿಗೆ 1956ರ ತನಕ ಮುಂಬೈ ರಾಜ್ಯ, ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಅದರಲ್ಲಿ ಅರ್ಧ ಎಂಬುದು ಯಾವುದೂ ಇಲ್ಲ. ಕಾಯಿಸುವುದು ಗೊತ್ತಿರುವವರು ನಾವಾಗಿದ್ದರೆ ನಿನ್ನ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಒಂದು ದಾರಿ ಇದೆ. ಅಂಕೋಲಾದಲ್ಲೇ ಹುದುಗಿಸಿ 50%ಕ್ಕೆ ಇಳಿಸಿದರೆ 600 ಲೀಟರ್ ರಸ 70 ಲೀಟರ್ ಆಗುತ್ತದೆ, ಹುಳಿಯುವ ಭಯವೂ ಹೋಗುತ್ತದೆ, ಘಟ್ಟ ಹತ್ತಿಸಿ ಕೊನೆಯ ನೀರು ಅಲ್ಲಿ ತೆಗೆಸಬಹುದು. ಬೆಂಗಳೂರಿನಲ್ಲೇ ಇದ್ದೀಯಲ್ಲ, ವರ್ಷಕ್ಕೆ ಎರಡೂವರೆ ತಿಂಗಳು ಮಾತ್ರ ಉರಿಯುವ ಅಂಥ ಭಟ್ಟಿಗೆ ಯಾವ ನಮೂನೆಯ ಅರ್ಜಿ ಹಾಕಬೇಕು ಎಂದು ವಿಚಾರಿಸಿ ಹೇಳು.