ಮೂಲೆಯ ನಂಬರ್‌ಗಿಂತ ಮೊದಲು ಪ್ರಿಂಟ್ ನೋಡಿ

ಪ್ರಶ್ನೆ: ನನಗೆ ತುಂಬಾ ಇಷ್ಟವಾದ ಒಂದು ತೈಲಚಿತ್ರವಿದೆ. ಕಿಟಕಿಯ ಬೆಳಕಿನಲ್ಲಿ ಕೂತು ಬಟ್ಟೆಗೆ ತೇಪೆ ಹಾಕುತ್ತಿರುವ ವಯಸ್ಸಾದ ಹೆಂಗಸು. ಫೋಟೊನೇ ಅನ್ನಿಸುವಷ್ಟು ನೈಜವಾಗಿದೆ. ಚಿತ್ರ ಬರೆದ ಕಲಾವಿದರು ಈಗಲೂ ಕೆಲಸ ಮಾಡುತ್ತಿದ್ದಾರೆ. ಮೂಲಚಿತ್ರ ಕೊಳ್ಳುವ ಶಕ್ತಿ ನನಗಿಲ್ಲ. ಅದರ ಲಿಮಿಟೆಡ್ ಎಡಿಷನ್ ಪ್ರಿಂಟ್ ಮಾರಾಟಕ್ಕಿದೆ. ಕೆಳಗೆ ಪೆನ್ಸಿಲ್‌ನಲ್ಲಿ 18/150, ಅಂದರೆ 150 ಪ್ರತಿಗಳಲ್ಲಿ 18ನೆಯದು, ಎಂದು ಬರೆದು ಸಹಿ ಹಾಕಿದ್ದಾರೆ. 3/150 ಕೂಡ ಇದೆಯಂತೆ, ಆದರೆ ಅದಕ್ಕೆ ಬೆಲೆ ಜಾಸ್ತಿ. ಚಿಕ್ಕ ನಂಬರಿಗೆ ಹೆಚ್ಚು ಕೊಡಬೇಕಾ? ಇದು ಕಲಾಕೃತಿಯಾ, ಸಹಿ ಹಾಕಿದ ಪೋಸ್ಟರಾ?

ಉತ್ತರ: ಚಿಕ್ಕ ನಂಬರಿಗೆ ಹೆಚ್ಚು ಕೊಡಬೇಡಿ. ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ ಅಚ್ಚು ತೆಗೆಯುವ ಪದ್ಧತಿಯಲ್ಲಿ ಈ ಆಸೆಗೆ ಅರ್ಥವಿತ್ತು. ಪ್ರತಿ ಸಲ ಒತ್ತಿದಾಗಲೂ ತಗಡು ಸ್ವಲ್ಪ ಸವೆಯುತ್ತದೆ. ಮೊದಲ ಪ್ರತಿಗಳಲ್ಲಿ ಕಪ್ಪು ಗಾಢವಾಗಿ ಬರುತ್ತದೆ, ಆಮೇಲೆ ಗೆರೆ ಸೊರಗುತ್ತದೆ. ನಿಮ್ಮ ಪ್ರಿಂಟ್ ಬಹುಶಃ ಇಂಕ್‌ಜೆಟ್‌ನದ್ದು. ಅಲ್ಲಿ ಸವೆಯುವ ತಗಡೇ ಇಲ್ಲ. ಅದೇ ಫೈಲು, ಅದೇ ಯಂತ್ರ, ಅದೇ ಕಾಗದ ಇದ್ದರೆ ಮೂರನೆಯದೂ ನೂರೈವತ್ತನೆಯದೂ ಒಂದೇ. ಆದರೆ ಒಂದು ಮಾತು ಕೇಳಿಕೊಳ್ಳಿ: ಎಲ್ಲವನ್ನೂ ಒಟ್ಟಿಗೆ ಮುದ್ರಿಸಿದ್ದಾರಾ, ಗಿರಾಕಿ ಬಂದ ಹಾಗೆ ಒಂದೊಂದೇ ತೆಗೆಯುತ್ತಾರಾ? ಎರಡನೆಯದಾದರೆ ವರ್ಷಗಳ ನಂತರ ಬರುವ ಪ್ರತಿಗೆ ಬೇರೆ ಕಾಗದ, ಬೇರೆ ಇಂಕ್ ಬಂದಿರಬಹುದು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ನೇರವಾಗಿ ಹೇಳಬೇಕೆಂದರೆ ಇದು ಚಿತ್ರದ ಪ್ರತಿ. ಕಲಾವಿದರು ತಗಡಿನ ಮೇಲೋ ಕಲ್ಲಿನ ಮೇಲೋ ತಾವೇ ಕೆಲಸ ಮಾಡಿ ತೆಗೆದ ಅಚ್ಚಿನ ಜಾತಿಗೆ ಇದು ಸೇರುವುದಿಲ್ಲ. ಹಾಗಂತ ಇದನ್ನು ಹಗುರವಾಗಿ ನೋಡಬೇಕಿಲ್ಲ. ಅಮೆರಿಕದ ಆಂಡ್ರೂ ವೈಯತ್ ಅವರಂಥ ದೊಡ್ಡ ವಾಸ್ತವವಾದಿ ಕಲಾವಿದರೇ ತಮ್ಮ ಚಿತ್ರಗಳ ಮುದ್ರಿತ ಪ್ರತಿಗಳಿಗೆ ಸಹಿ ಹಾಕಿದ್ದಾರೆ. ಕಲಾವಿದರು ಪ್ರೂಫ್ (ಪರೀಕ್ಷೆಗೆಂದು ತೆಗೆದ ಪ್ರತಿ) ನೋಡಿ, ಬಣ್ಣ ತಿದ್ದಿಸಿ ಒಪ್ಪಿದ ಪ್ರತಿ ವರ್ಷಗಟ್ಟಲೆ ಜೊತೆಯಲ್ಲಿಟ್ಟುಕೊಳ್ಳಲು ಯೋಗ್ಯ. ಹಾಗೆ ಒಪ್ಪಿದ್ದಾರಾ ಎಂದು ಕೇಳುವುದು ನಂಬರ್ ಕೇಳುವುದಕ್ಕಿಂತ ಮುಖ್ಯ.

ಈಗ ಪ್ರಿಂಟ್ ಹತ್ತಿರ ಹೋಗಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಆ ಹೆಂಗಸಿನ ಮಣಿಕಟ್ಟಿನ ಕೆಳಗಿನ ನೆರಳಿನ ಮೇಲೆ ಇಡಿ. ಚುಕ್ಕಿಗಳು ಸಾಲಾಗಿ, ಪುಟ್ಟ ಹೂವುಗಳಂತೆ ಗುಂಪುಗೂಡಿ ಕಂಡರೆ ಅದು ಆಫ್‌ಸೆಟ್. ಪತ್ರಿಕೆ, ಕ್ಯಾಲೆಂಡರ್ ಅಚ್ಚಾಗುವ ವಿಧಾನ ಅದೇ. ಗೊತ್ತುಗುರಿಯಿಲ್ಲದೆ ಸಿಂಪಡಿಸಿದ ಹಾಗೆ ಅತಿ ಸಣ್ಣ ಚುಕ್ಕಿಗಳಿದ್ದರೆ ಇಂಕ್‌ಜೆಟ್.

ಆಮೇಲೆ ಭೂತಗನ್ನಡಿ ಪಕ್ಕಕ್ಕಿಟ್ಟು ಬರಿಗಣ್ಣಲ್ಲಿ ಅದೇ ನೆರಳನ್ನು ನೋಡಿ. ವಾಸ್ತವ ಶೈಲಿಯವರು ನೆರಳಿಗೆ ಸುಮ್ನೆ ಕಪ್ಪು ಬಳಿಯುವುದಿಲ್ಲ. ಕಂದು, ಹಸಿರು, ಕೆಂಪು, ಎಲ್ಲವನ್ನೂ ತೆಳುವಾಗಿ ಒಂದರ ಮೇಲೊಂದು ಕೂರಿಸಿರುತ್ತಾರೆ. ಕೆಟ್ಟ ಪ್ರಿಂಟಿನಲ್ಲಿ ಅದೆಲ್ಲ ಸೇರಿ ಒಂದೇ ಕಪ್ಪು ಮುದ್ದೆಯಾಗುತ್ತದೆ. ಕೆನ್ನೆಯ ಮೇಲೆ ಬೆಳಕು ನೆರಳಿಗೆ ತಿರುಗುವ ಜಾಗವನ್ನೂ ನೋಡಿ. ಅಲ್ಲಿ ಪಟ್ಟೆಪಟ್ಟೆ ಕಂಡರೆ ಮೂಲ ಫೈಲೋ ಮುದ್ರಣವೋ ಸರಿಯಿಲ್ಲ. ಚರ್ಮವೆಲ್ಲ ಒಂದೇ ಗುಲಾಬಿ ಬಣ್ಣವಾಗಿದ್ದರೂ ಅಷ್ಟೇ. ಚಿತ್ರದ ಜೀವ ಇರುವುದೇ ಈ ಎರಡು ಮೂರು ಜಾಗಗಳಲ್ಲಿ. ಇಲ್ಲಿ ಸೋತ ಪ್ರಿಂಟಿನ ಮೇಲೆ ಯಾರ ಸಹಿ ಇದ್ದರೂ ನಾನು ಕೊಳ್ಳಬೇಡಿ ಅಂತಲೇ ಹೇಳುತ್ತೇನೆ.

ಇಂಕ್ ಮತ್ತು ಕಾಗದದ ಬಗ್ಗೆಯೂ ಕೇಳಿ. ಇಂಥ ಇಂಕ್‌ಜೆಟ್ ಪ್ರಿಂಟ್‌ಗಳಿಗೆ ‘ಜೀಕ್ಲೇ’ ಎಂಬ ಹೆಸರು ಬಂದದ್ದು 1991ರಲ್ಲಿ. ಆಗಿನ ಯಂತ್ರಗಳಲ್ಲಿದ್ದ ಡೈ ಇಂಕ್ (ಬಣ್ಣ ದ್ರವದಲ್ಲಿ ಕರಗಿರುವ ಇಂಕ್) ಬೆಳಕಿಗೆ ಬೇಗ ಮಾಸುತ್ತಿತ್ತು. ಈಗಿನ ಪಿಗ್ಮೆಂಟ್ ಇಂಕ್ (ಬಣ್ಣ ಸಣ್ಣ ಕಣಗಳಾಗಿರುವ ಇಂಕ್) ಹೆಚ್ಚು ಬಾಳುತ್ತದೆ. ಕಾಗದ ಪೂರ್ತಿ ಹತ್ತಿಯದ್ದಾಗಿದ್ದು, ಆಮ್ಲರಹಿತವಾಗಿದ್ದರೆ ಒಳ್ಳೆಯದು. ಕತ್ತಲಲ್ಲಿ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಹಿಡಿದಾಗ ಕಾಗದ ನೀಲಿಯಾಗಿ ಹೊಳೆದರೆ ಅದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಹಾಕಿದ್ದಾರೆ ಎಂದರ್ಥ. ವರ್ಷ ಕಳೆದಂತೆ ಆ ಬಿಳುಪು ಇಳಿಯುತ್ತದೆ.

ಸಹಿಯನ್ನು ಅಡ್ಡ ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಿ. ಪೆನ್ಸಿಲ್ ಒತ್ತಿದ ಸಣ್ಣ ತಗ್ಗು, ಸೀಸದ ಮಂದ ಹೊಳಪು ಕಾಣಬೇಕು. ಆದರೆ ಸಹಿ ಅಸಲಿ ಎಂದ ಮಾತ್ರಕ್ಕೆ ಪ್ರಿಂಟ್ ಅಸಲಿ ಆಗುವುದಿಲ್ಲ. 1974ರಲ್ಲಿ ಫ್ರಾನ್ಸಿನ ಗಡಿಯಲ್ಲಿ ತಡೆದ ಒಂದು ವಾಹನದಲ್ಲಿ ಸ್ಪೇನಿನ ಕಲಾವಿದ ಸಾಲ್ವಡಾರ್ ಡಾಲಿ ಸಹಿ ಇದ್ದ ಸುಮಾರು 40,000 ಖಾಲಿ ಹಾಳೆಗಳು ಸಿಕ್ಕಿದ್ದವು. ಏನು ಅಚ್ಚಾಗುತ್ತದೆ ಎನ್ನುವ ಮೊದಲೇ ಸಹಿ ಬಿದ್ದಿತ್ತು!

ಕೊನೆಗೆ ನಂಬರಿಗೆ ಬರೋಣ. 150 ಎಂಬುದು ಆ ಒಂದು ಅಳತೆಗೆ ಮಾತ್ರವಾ? ಇದೇ ಚಿತ್ರ ದೊಡ್ಡ ಅಳತೆಯಲ್ಲಿ ಇನ್ನೊಂದು 250, ಕ್ಯಾನ್ವಾಸ್ ಮೇಲೆ ಮತ್ತೊಂದು 100 ಇದ್ದರೆ ಒಟ್ಟು 500 ಆಯಿತಲ್ವಾ? ಫೈಲ್ ಇದ್ದವರು ಎಷ್ಟು ಬೇಕಾದರೂ ತೆಗೆಯಬಹುದು. ಅವರನ್ನು ತಡೆಯುವುದು ಅವರು ಕೊಟ್ಟ ಮಾತು ಒಂದೇ. ಆ ಮಾತನ್ನು ಬರವಣಿಗೆಯಲ್ಲಿ ಪಡೆಯಿರಿ. ಪ್ರಮಾಣಪತ್ರದಲ್ಲಿ ಚಿತ್ರದ ಹೆಸರು, ಅಳತೆ, ವರ್ಷ, ಕಾಗದ, ಇಂಕ್, ಮುದ್ರಿಸಿದವರು, ಎಲ್ಲ ಅಳತೆಗಳೂ ಸೇರಿ ಒಟ್ಟು ಪ್ರತಿಗಳೆಷ್ಟು ಎಂಬುದಿರಲಿ. ‘ಇನ್ನು ಮುಂದೆ ಯಾವ ರೂಪದಲ್ಲೂ ಮುದ್ರಿಸುವುದಿಲ್ಲ’ ಎಂಬ ಸಾಲಿಗೆ ಮಾರುವವರು ಹಿಂಜರಿದರೆ ನೀವೂ ಹಿಂಜರಿಯಿರಿ.

ಪ್ರಶ್ನೆ: ನಾನು ನೋಡಿದ ಪ್ರತಿಯಲ್ಲಿ ನಂಬರ್ ಬದಲು ‘ಎ.ಪಿ. 4/15’ ಎಂದಿದೆ. ಇದು ಹೆಚ್ಚು ಬೆಲೆಬಾಳುತ್ತದಾ?

ಉತ್ತರ: ಅದು ಆರ್ಟಿಸ್ಟ್ಸ್ ಪ್ರೂಫ್, ಅಂದರೆ ಕಲಾವಿದರು ತಮಗೆಂದು ಇಟ್ಟುಕೊಳ್ಳುವ ಪ್ರತಿ. ಸಾಮಾನ್ಯವಾಗಿ ಒಟ್ಟು ಎಡಿಷನ್ನಿನ ಹತ್ತರಲ್ಲೊಂದು ಭಾಗದಷ್ಟು ಇರುತ್ತವೆ. ಇಂಕ್‌ಜೆಟ್‌ನಲ್ಲಿ ಉಳಿದವಕ್ಕೂ ಇದಕ್ಕೂ ನೋಟದಲ್ಲಿ ವ್ಯತ್ಯಾಸವಿಲ್ಲ. ಒಟ್ಟು ಲೆಕ್ಕದಲ್ಲಿ ಇವನ್ನೂ ಸೇರಿಸಿ ಎಣಿಸಿ.

ಪ್ರಶ್ನೆ: ಹಳೆಯ ಪ್ರಿಂಟ್ ಒಂದಕ್ಕೆ ಕಟ್ಟು ಹಾಕಿಸಿದ್ದೆ. ಅಂಚಿನ ಸುತ್ತ ಕಂದು ಗೆರೆ ಬಂದಿದೆ. ಹೊಸದಕ್ಕೆ ಹೀಗಾಗದಂತೆ ಏನು ಮಾಡಲಿ?

ಉತ್ತರ: ಆ ಗೆರೆ ಅಗ್ಗದ ರಟ್ಟಿನ ಆಮ್ಲದ್ದು. ಪ್ರಿಂಟ್ ಹಿಂದೆಯೂ ಸುತ್ತಲೂ ಆಮ್ಲರಹಿತ ರಟ್ಟನ್ನೇ ಹಾಕಿಸಿ. ಪ್ರಿಂಟನ್ನು ರಟ್ಟಿಗೆ ಪೂರ್ತಿ ಅಂಟಿಸಲು, ಸೆಲ್ಲೊಟೇಪ್ ಬಳಸಲು ಬಿಡಬೇಡಿ. ಮೇಲಂಚಿನಲ್ಲಿ ಎರಡು ಕಡೆ ಜಪಾನಿ ಕಾಗದದ ಪಟ್ಟಿ, ಗೋಧಿ ಪಿಷ್ಟದ ಅಂಟು ಸಾಕು, ಬೇಕಾದಾಗ ನೀರು ಸೋಕಿಸಿ ಬಿಡಿಸಬಹುದು. ಅಂಚಿನ ಬಿಳಿ ಜಾಗ ಫ್ರೇಮಿಗೆ ಹೊಂದಲಿಲ್ಲವೆಂದು ಕತ್ತರಿಸಿದರೆ ಬೆಲೆ ಅಲ್ಲಿಗೇ ಬಿತ್ತು. ಗಾಜು ಪ್ರಿಂಟಿಗೆ ತಾಗಬಾರದು. ಯುವಿ ತಡೆಯುವ ಗಾಜು ಮಾಸುವುದನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಕಾಗದದ ಕೃತಿಗಳಿಗೆ ವಸ್ತುಸಂಗ್ರಹಾಲಯಗಳು ಸುಮಾರು 50 ಲಕ್ಸ್ (ಬೆಳಕಿನ ಅಳತೆಮಾನ) ಮಂದ ಬೆಳಕನ್ನಷ್ಟೇ ಇಡುತ್ತವೆ. ಹಾಗಾಗಿ ಕಿಟಕಿಯ ಎದುರು ಗೋಡೆ ಬೇಡ, ತೇವ ಹಿಡಿಯುವ ಗೋಡೆಯಂತೂ ಬೇಡವೇ ಬೇಡ.