ತಂಡದವರ ಅಳಲು ಕೇಳಿ ಕೇಳಿ ನಾನೇ ಸೋತಿದ್ದೇನೆ

ಪ್ರಶ್ನೆ: ಹನ್ನೊಂದು ಜನರ ತಂಡಕ್ಕೆ ಮ್ಯಾನೇಜರ್ ನಾನು. ಏನಿದ್ದರೂ ಬಂದು ಹೇಳಿ ಅಂದಿದ್ದೆ. ಈಗ ದಿನಾ ಇಬ್ಬರು ಮೂವರು ಬಂದು ಸಿಟ್ಟು, ಅಳು ಎಲ್ಲ ಕಾರಿಕೊಂಡು ಹಗುರಾಗಿ ಹೋಗುತ್ತಾರೆ. ಸಂಜೆ ಹೊತ್ತಿಗೆ ನನಗೆ ಯಾರ ಮುಖವೂ ಬೇಡವಾಗಿರುತ್ತದೆ. ಕೇಳುವುದನ್ನೇ ನಿಲ್ಲಿಸಲೇ?

ಉತ್ತರ: ನಿಲ್ಲಿಸಬೇಡಿ, ಅದಕ್ಕೊಂದು ಎಲ್ಲೆ ಹಾಕಿ. ಒಳಗೆ ಕಿರಿಕಿರಿಯಾಗುತ್ತಿದ್ದರೂ ಮುಖ ಶಾಂತವಾಗಿಟ್ಟುಕೊಂಡು ಕೂರುವುದೂ ಕೆಲಸವೇ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಇದನ್ನು ಭಾವನಾತ್ಮಕ ಶ್ರಮ ಎಂದು ಕರೆದರು. ಈ ದಣಿವು ಅಲ್ಲಿಗೇ ಮುಗಿಯದೆ ಮುಂದಿನ ಮೀಟಿಂಗ್‌ನಲ್ಲಿ ಏನೂ ಅರಿಯದವರ ಮೇಲೆ ಸಿಡುಕಾಗಿ ಹೊರಬರುತ್ತದೆ.

ಅವರು ಹಗುರಾಗುತ್ತಾರೆ ಎಂಬುದನ್ನೂ ಪೂರ್ತಿ ನಂಬಬೇಡಿ. ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಣಕಿದವರನ್ನೇ ನೆನೆಯುತ್ತ ಪಂಚಿಂಗ್ ಬ್ಯಾಗ್ ಗುದ್ದಿದವರ ಸಿಟ್ಟು, ಸುಮ್ಮನೆ ಕೂತವರ ಸಿಟ್ಟಿಗಿಂತ ಹೆಚ್ಚಿತ್ತು. ಅದದೇ ದೂರನ್ನು ನಿಮ್ಮೆದುರು ಕೆದಕುವುದರಿಂದಲೂ ಹೀಗಾಗಬಹುದು.

ಮಾತು ಶುರುವಾದ ಕೂಡಲೇ ಕೇಳಿ: “ಕೇಳಿಸಿಕೊಂಡರೆ ಸಾಕಾ, ನಾನು ಏನಾದರೂ ಮಾಡಬೇಕಾ?” ಅರ್ಧ ಹೊರೆ ಇಲ್ಲೇ ಇಳಿಯುತ್ತದೆ. 20 ನಿಮಿಷ ಸಾಕು. ಕೊನೆಯ ಐದು ನಿಮಿಷ ಮುಂದೇನು ಎಂಬುದಕ್ಕಿರಲಿ. ಕೆಲಸದ ಹೊರೆ, ಶಿಫ್ಟ್, ಗಡುವು ನಿಮ್ಮ ಕೈಯಲ್ಲಿದ್ದರೆ ಏನು ಮಾಡುತ್ತೀರಿ, ಯಾವ ದಿನದೊಳಗೆ ಎಂದು ಹೇಳಿ. ನಿಮ್ಮ ಕೈಯಲ್ಲಿಲ್ಲದಿದ್ದರೆ “ನೋಡೋಣ” ಎನ್ನಬೇಡಿ. ಅವರು ಅದನ್ನು ಮಾತು ಕೊಟ್ಟಂತೆಯೇ ನೆನಪಿಟ್ಟುಕೊಳ್ಳುತ್ತಾರೆ.

ಬಹಳ ಜನ ಎಡವುವುದು ಸಮಾಧಾನ ಹೇಳುವ ಭರದಲ್ಲಿ. “ಹೌದು, ಅವನು ಇರುವುದೇ ಹಾಗೆ” ಅಂದಿರೋ, ಸಂಜೆಯೊಳಗೆ ಅದು ಅವನ ಕಿವಿಗೆ ಬಿದ್ದಿರುತ್ತದೆ. “ನಿಮಗೆ ಬೇಜಾರಾಗಿದೆ, ಗೊತ್ತಾಯಿತು” ಎಂದರೆ ಪಕ್ಷ ವಹಿಸಿದಂತಾಗದು. ಒಂದೇ ದೂರು ಮೂರನೇ ಸಲ ಬಂದರೆ, “ಕಳೆದ ಸಲ ಮಾತಾಡಿದ್ದರಲ್ಲಿ ಏನು ಮಾಡಿದಿರಿ?” ಎಂದು ಕೇಳಿ.

ಅವರು ಎದ್ದುಹೋದ ಮೇಲೆ ಹತ್ತು ನಿಮಿಷ ಯಾವ ಕರೆಯೂ ಬೇಡ. ಸ್ವಲ್ಪ ನಡೆದು ಬನ್ನಿ. ಆ ವ್ಯಕ್ತಿಯ ಅಪ್ರೈಸಲ್ ಅನ್ನು ಅದೇ ದಿನ ಬರೆಯಬೇಡಿ, ಕನಿಕರವೋ ಕಿರಿಕಿರಿಯೋ ಅಂಕಗಳಲ್ಲಿ ಸೇರಿಬಿಡುತ್ತದೆ.

ಯಾರಿಗೂ ಹೇಳುವುದಿಲ್ಲ ಎಂದು ಮಾತ್ರ ಮೊದಲೇ ಭಾಷೆ ಕೊಡಬೇಡಿ. ಕಿರುಕುಳದ ವಿಷಯವಾದರೆ ಅದು ಅದೇ ದಿನ ಎಚ್‌ಆರ್‌ಗೆ ಅಥವಾ ದೂರು ಸಮಿತಿಗೆ ಹೋಗಬೇಕು. ಬದುಕುವುದೇ ಬೇಡ ಎಂಬ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡದೆ, ಆಗಲೇ ವೈದ್ಯಕೀಯ ನೆರವು ಕೊಡಿಸಿ.