ಕ್ರಿಮಿನಲ್ ಜಸ್ಟಿಸ್ ಓದಿಗೆ ಸಾಲ ಮಾಡಬಹುದೇ?

ಪ್ರಶ್ನೆ: ಅಮೆರಿಕದಲ್ಲೇ ಹುಟ್ಟಿದ ಮಗಳಿಗೆ ಅಲ್ಲಿ ಕ್ರಿಮಿನಲ್ ಜಸ್ಟಿಸ್ (ಪೊಲೀಸ್, ನ್ಯಾಯಾಲಯ, ಜೈಲು ವ್ಯವಸ್ಥೆಯ ಅಧ್ಯಯನ) ಪದವಿ ಓದುವ ಆಸೆ. 30,000 ಡಾಲರ್ ಸಾಲವಾಗುತ್ತದೆ. ಸಂಬಳದಲ್ಲಿ ತೀರೀತೇ?

ಉತ್ತರ: ಶೇ. 6ರ ಬಡ್ಡಿಗೆ 10 ವರ್ಷದ ಅವಧಿ ಹಿಡಿದರೆ ತಿಂಗಳ ಕಂತು ಸುಮಾರು 333 ಡಾಲರ್. ಒಟ್ಟು ಕಟ್ಟುವುದು 40,000ದ ಹತ್ತಿರ. ಅನ್‌ಸಬ್ಸಿಡೈಸ್ಡ್ ಸಾಲಕ್ಕೆ (ಸರ್ಕಾರ ಬಡ್ಡಿ ಭರಿಸದ ಸಾಲಕ್ಕೆ) ಓದುತ್ತಿರುವಾಗಲೇ ಬಡ್ಡಿ ಬೆಳೆಯುತ್ತದೆ, ಮರೆಯಬೇಡಿ. ಮೊದಲ ವರ್ಷದ ಸಂಬಳಕ್ಕಿಂತ ಒಟ್ಟು ಸಾಲ ಕಡಿಮೆಯಿದ್ದರೆ ಭಯವಿಲ್ಲ. ಆ ಕಾಲೇಜಿನ ಇದೇ ಕೋರ್ಸಿನವರು ಎಷ್ಟು ಗಳಿಸುತ್ತಾರೆ ಎಂಬುದನ್ನು ಫೆಡರಲ್ (ಅಲ್ಲಿನ ಕೇಂದ್ರ) ಸರ್ಕಾರದ ‘ಕಾಲೇಜ್ ಸ್ಕೋರ್‌ಕಾರ್ಡ್’ ಜಾಲತಾಣದಲ್ಲಿ ನೋಡಿ. ಕಾಲೇಜಿನ ಜಾಹೀರಾತನ್ನು ನಂಬಬೇಡಿ.

ಇನ್ನೊಂದು ಮಾತು. ಎಷ್ಟೋ ಊರುಗಳ ಪೊಲೀಸ್ ಇಲಾಖೆಗೆ ಹೈಸ್ಕೂಲ್ ಮುಗಿಸಿದ್ದರೆ ಸಾಕು, ತರಬೇತಿಯಲ್ಲೇ ಸಂಬಳವೂ ಸಿಗುತ್ತದೆ. ಪ್ರೊಬೇಷನ್ ಅಧಿಕಾರಿ (ಜೈಲಿನ ಬದಲು ನಿಗಾದಲ್ಲಿ ಹೊರಗಿರುವ ಅಪರಾಧಿಗಳನ್ನು ನೋಡಿಕೊಳ್ಳುವವರು), ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐನ ಏಜೆಂಟ್ ಆಗಬೇಕೆಂದರೆ ಮಾತ್ರ ಪದವಿಯ ಪ್ರಶ್ನೆ ಬರುತ್ತದೆ. ಅಲ್ಲೂ ಇದೇ ವಿಷಯ ಓದಿರಬೇಕೆಂದಿಲ್ಲ.

ಸರ್ಕಾರಿ ಕೆಲಸದಲ್ಲಿ ಪೂರ್ಣಾವಧಿ ದುಡಿದು 120 ಕಂತು ಕಟ್ಟಿದರೆ ಉಳಿದ ಫೆಡರಲ್ ಸಾಲ ಮನ್ನಾ ಆಗುವ ಯೋಜನೆಯಿದೆ. ಎಡವುವುದು ಇಲ್ಲೇ: 10 ವರ್ಷದ ಮಾಮೂಲಿ ಕಂತಿನಲ್ಲಿ ಕಟ್ಟುತ್ತಾ ಹೋದರೆ ಮನ್ನಾ ಮಾಡಲು ಏನೂ ಉಳಿಯುವುದಿಲ್ಲ. ಆದಾಯಕ್ಕೆ ತಕ್ಕ ಕಂತನ್ನೇ ಆರಿಸಬೇಕು, ಕೆಲಸ ಮಾಡುವ ಇಲಾಖೆಯಿಂದ ನೌಕರಿಯ ದೃಢೀಕರಣವನ್ನು ವರ್ಷಕ್ಕೊಮ್ಮೆ ಮಾಡಿಸಿಕೊಳ್ಳುವುದು ಒಳ್ಳೆಯದು. ಖಾಸಗಿ ಬ್ಯಾಂಕ್ ಸಾಲಕ್ಕೂ ಖಾಸಗಿ ಸೆಕ್ಯುರಿಟಿ ಕಂಪನಿಯ ನೌಕರಿಗೂ ಇದು ಅನ್ವಯಿಸುವುದಿಲ್ಲ.